ಗಡುವಿನೊಳಗೆ ಮುಗಿಯದ ಪ್ರಬಂಧಗಳು

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರು ಬರೆದ ಪ್ರಬಂಧಗಳನ್ನು ಕಾಪಾಡಿಕೊಂಡು ಬರಲಾಗಿದೆ. ಅವುಗಳ ನಡುವೆ ಭೌತವಿಜ್ಞಾನಿ ಅನ್ನಾ ಮಣಿ ಅವರದೂ ಒಂದು. ಹೊರಗಿನಿಂದ ನೋಡಿದವರಿಗೆ ಅದಕ್ಕೂ ಉಳಿದವಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಆ ಪ್ರಬಂಧಕ್ಕೆ ಪಿಎಚ್‌ಡಿ ಪದವಿ ಸಿಗಲೇ ಇಲ್ಲ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಮುಗಿಸಿದ ಮಣಿ 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಊರ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಬಂದರು. ರಾಮನ್ ಅವರ ಪ್ರಯೋಗಾಲಯದಲ್ಲಿ ಅವರ ಪಾಲಿಗೆ ಬಂದದ್ದು ವಜ್ರ ಮತ್ತು ಮಾಣಿಕ್ಯಗಳ ವರ್ಣಪಟಲದ ಅಧ್ಯಯನ. ಸುಮಾರು ಮೂವತ್ತು ವಜ್ರಗಳನ್ನು ಅವರು ಪರೀಕ್ಷಿಸಿದರು. ಹರಳನ್ನು ದ್ರವವಾಯುವಿನ ಮಟ್ಟಕ್ಕೆ ತಣ್ಣಗಾಗಿಸಬೇಕು; ಅದರ ಮಸುಕಾದ ಬೆಳಕು ಛಾಯಾಫಲಕದ ಮೇಲೆ ಮೂಡುವವರೆಗೆ ಹದಿನೈದು, ಇಪ್ಪತ್ತು ತಾಸು ಕಾಯಬೇಕು. ಹೀಗಾಗಿ ರಾತ್ರಿಗಳೂ ಪ್ರಯೋಗಾಲಯದಲ್ಲೇ ಕಳೆಯುತ್ತಿದ್ದವು. ಗಂಡಸರೂ ಹೆಂಗಸರೂ ಬೆರೆಯಬಾರದೆಂಬ ಕಟ್ಟುನಿಟ್ಟು ಅಲ್ಲಿತ್ತು. ಸಹಪಾಠಿಗಳ ಜೊತೆ ಕೂತು ತಲೆಕೆರೆದುಕೊಳ್ಳುವುದು, ವಾದ ಮಾಡುವುದು ಅವರಿಗೆ ಸಿಗಲಿಲ್ಲ; ಸಂಶೋಧನೆಯಲ್ಲಿ ಅರ್ಧ ಭಾರ ಇಳಿಯುವುದೇ ಅಂಥ ಹರಟೆಯಿಂದ. ಆದರೂ 1942ರಿಂದ 1945ರ ನಡುವೆ ಒಬ್ಬರೇ ಐದು ಲೇಖನ ಪ್ರಕಟಿಸಿ, 1945ರ ಆಗಸ್ಟ್‌ನಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಇಲ್ಲ ಎಂಬ ಕಾರಣ ಹೇಳಿ ವಿಶ್ವವಿದ್ಯಾಲಯ ಪದವಿ ನಿರಾಕರಿಸಿತು.

ಬೆಂಗಳೂರಿನಲ್ಲಿ ದುಡಿದವರು ಮದರಾಸಿಗೇಕೆ ಪ್ರಬಂಧ ಕಳಿಸಬೇಕಿತ್ತು? ಟಾಟಾ ಇನ್‌ಸ್ಟಿಟ್ಯೂಟ್ 1909ರಲ್ಲಿ ಸ್ಥಾಪನೆಯಾಗಿ 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗ, ಟಾಟಾ ಮನೆತನದ ಹಣ, ಪ್ರಪಂಚದ ಮಟ್ಟದ ಪ್ರಯೋಗಾಲಯ, ಎಲ್ಲವೂ ಇತ್ತು. ವಿಶ್ವವಿದ್ಯಾಲಯವೆಂಬ ಮಾನ್ಯತೆ ಮಾತ್ರ 1958ರವರೆಗೆ ಬರಲಿಲ್ಲ. ಅಲ್ಲಿಯ ಸಂಶೋಧಕರು ಮದರಾಸು, ಮುಂಬಯಿ, ಕಲ್ಕತ್ತ ಅಥವಾ ವಿದೇಶದ ವಿಶ್ವವಿದ್ಯಾಲಯಗಳ ಬಾಗಿಲು ತಟ್ಟಬೇಕಿತ್ತು. ದುಡಿಮೆ ಒಂದು ಕಡೆ, ತೀರ್ಪು ಇನ್ನೊಂದು ಕಡೆ. ಐದು ವರ್ಷದ ಕೆಲಸ ಯಾರೂ ನೋಡದ ಒಂದು ನಿಯಮಕ್ಕೆ ಸಿಕ್ಕಿ ನಿಂತಿತು. ಮಣಿ ಕಹಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಬ್ರಿಟನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ದೇಶದಲ್ಲೇ ಅಂಥ ಉಪಕರಣ ತಯಾರಾಗುವಂತೆ ಮಾಡಿದರು. ಅದು ಅವರ ದೊಡ್ಡತನ. ನಿಯಮದ ಸಣ್ಣತನ ಅದರಿಂದ ಅಳಿಸಿಹೋಗುವುದಿಲ್ಲ.

ಸಂಶೋಧನಾ ವಿದ್ಯಾರ್ಥಿಗಳ ಒತ್ತಡದ ಬಗ್ಗೆ ಈಗ ಮಾತು ಹೆಚ್ಚಾಗಿದೆ. ಹೆಚ್ಚಾಗಬೇಕಾದದ್ದೇ. ಆದರೆ ಅದನ್ನು ಈ ಕಾಲದ ಮಕ್ಕಳ ಮನಸ್ಸಿನ ಮೆದುತನ ಎಂದು ತಳ್ಳಿಹಾಕುವವರೂ, ಧ್ಯಾನ, ದಿನಚರಿಗಳಿಂದಷ್ಟೇ ಸರಿಪಡಿಸಬಹುದೆನ್ನುವವರೂ ಇದ್ದಾರೆ. ನೂರು ವರ್ಷದ ಹಿಂದಿನ ಗಟ್ಟಿ ಮನಸ್ಸಿನವರ ಕಥೆಗಳನ್ನೇ ತೆಗೆದು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಅವರನ್ನು ಹಿಂಡಿದ್ದು ಬೌದ್ಧಿಕ ಸವಾಲಲ್ಲ. ಹಣದ ಗಡುವು, ಗೈಡಿನ ಮರ್ಜಿ, ಮನೆಯ ಹೊರೆ, ಕಚೇರಿಯ ಷರತ್ತು, ಇವೇ.

ಪಿಎಚ್‌ಡಿ ಪದವಿಯ ಹುಟ್ಟಿನಲ್ಲೇ ಈ ಒತ್ತಡದ ಬೀಜವಿದೆ. 1810ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ವಿಶ್ವವಿದ್ಯಾಲಯದ ಮಾದರಿಯಲ್ಲಿ ಸಂಶೋಧಕ ಹೊಸ ಜ್ಞಾನ ತರಬೇಕೆಂಬ ನಿರೀಕ್ಷೆ ಬೆಳೆಯಿತು. ಅಮೆರಿಕದಲ್ಲಿ ಮೊದಲ ಪಿಎಚ್‌ಡಿಗಳನ್ನು ಯೇಲ್ ಕೊಟ್ಟದ್ದು 1861ರಲ್ಲಿ. ಇಂಗ್ಲೆಂಡ್ ಹಿಂದೆ ಉಳಿದಿತ್ತು. ಆಕ್ಸ್‌ಫರ್ಡ್ ಇದನ್ನು ಒಪ್ಪಿಕೊಂಡಿದ್ದು 1917ರಲ್ಲಿ. ಮನೆಯಲ್ಲಿ ಉಣ್ಣಲು ಇದ್ದವರು ವರ್ಷಗಟ್ಟಲೆ ಗ್ರಂಥಾಲಯದಲ್ಲಿ ಕೂರಬಹುದು ಎಂಬ ಊಹೆಯ ಮೇಲೆ ನಿಂತ ವ್ಯವಸ್ಥೆ ಅದು. ಹಾಗಿಲ್ಲದವರು ಬಂದಾಗ ಏನಾಗುತ್ತದೆ ಎಂಬುದಕ್ಕೆ ಭೀಮರಾವ್ ಅಂಬೇಡ್ಕರ್ ಅವರ ವಿದ್ಯಾಭ್ಯಾಸಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದಿಲ್ಲ.

1913ರಲ್ಲಿ ಬರೋಡಾ ಸಂಸ್ಥಾನ ಅವರಿಗೆ ತಿಂಗಳಿಗೆ 11.50 ಪೌಂಡ್‌ನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟಿತು. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿತ್ತು. ನ್ಯೂಯಾರ್ಕ್‌ನ ಕೊಲಂಬಿಯಾದಲ್ಲಿ ಅರ್ಥಶಾಸ್ತ್ರವೊಂದರಲ್ಲೇ 29 ಕೋರ್ಸುಗಳನ್ನು ತೆಗೆದುಕೊಂಡರು. ಇತಿಹಾಸ, ಸಮಾಜಶಾಸ್ತ್ರ, ಮಾನವಶಾಸ್ತ್ರ ಬೇರೆ. 1915ರಲ್ಲಿ ಎಂ.ಎ. ಆಯಿತು. 1916ರಲ್ಲಿ ಡಾಕ್ಟರೇಟಿನ ಪ್ರಬಂಧ ಸಿದ್ಧಪಡಿಸಿ, ಅದೇ ವರ್ಷ ಲಂಡನ್ನಿಗೆ ದಾಟಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರಕ್ಕೂ ಗ್ರೇಸ್ ಇನ್‌ನಲ್ಲಿ ವಕೀಲಿಕೆಗೂ ಹೆಸರು ಹಚ್ಚಿದರು. ಎರಡು ಓದನ್ನು ಒಟ್ಟಿಗೆ ಹಿಡಿದಿದ್ದು ಅತಿಯಾಸೆಯಿಂದಲ್ಲ. ಮುಂದೆ ಯಾರ ಹಂಗೂ ಇಲ್ಲದೆ ಬದುಕಲು ಅವರಿಗೆ ವಕೀಲಿಕೆ ಬೇಕಿತ್ತು.

ಅಷ್ಟರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ನಾಲ್ಕು ವರ್ಷದೊಳಗೆ ಬಂದು ಮುಂದುವರಿಸಬಹುದು ಎಂಬ ಅನುಮತಿಯನ್ನು ಲಂಡನ್ ವಿಶ್ವವಿದ್ಯಾಲಯ ಕೊಟ್ಟಿತು. ಈ ಅನುಮತಿಯ ಮಹತ್ವವನ್ನು ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಅದಿಲ್ಲದಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ಬೇರೆ ಹಡಗಿನಲ್ಲಿ ಬರುತ್ತಿದ್ದ ಅವರ ಪುಸ್ತಕ, ಸಾಮಾನುಗಳು ಯುದ್ಧದ ಟಾರ್ಪಿಡೊಗೆ ಸಿಕ್ಕಿ ಸಮುದ್ರದ ಪಾಲಾದವು. ಕರಾರಿನಂತೆ ಬರೋಡಾ ಸೇರಿದರೆ, ಅಸ್ಪೃಶ್ಯರೆಂದು ಊರಿನಲ್ಲಿ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಿಂದ ಜನ ದೊಣ್ಣೆ ಹಿಡಿದು ಹೊರಗಟ್ಟಿದರು. ಮುಂಬಯಿಗೆ ಮರಳಿ 1918ರ ನವೆಂಬರ್‌ನಲ್ಲಿ ಸಿಡೆನಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭತೇನಾ ಕೊಟ್ಟ ಸಾಲ ಇವೆಲ್ಲ ಸೇರಿ 1920ರಲ್ಲಿ ಮತ್ತೆ ಲಂಡನ್ ತಲುಪಿದರು. ಹೊರಡುವ ಮೊದಲು ಅದೇ ವರ್ಷದ ಜನವರಿ 31ರಂದು ‘ಮೂಕನಾಯಕ’ ಪತ್ರಿಕೆಯನ್ನೂ ಶುರುಮಾಡಿದ್ದರು.

ಆ ಲಂಡನ್ ದಿನಗಳ ಊಟ, ತಿಂಡಿಯ ವಿವರವನ್ನು ಜೀವನಚರಿತ್ರಕಾರ ಧನಂಜಯ ಕೀರ್ ಬರೆದಿದ್ದಾರೆ. ಬೆಳಗ್ಗೆ ಬೋರ್ಡಿಂಗ್‌ನ ಅಳತೆಯ ತಿಂಡಿ, ಹಗಲೆಲ್ಲ ಬ್ರಿಟಿಷ್ ಮ್ಯೂಸಿಯಂನ ಗ್ರಂಥಾಲಯ, ರಾತ್ರಿ ಹಸಿವು ತಡೆಯದಾದಾಗ ಸುಟ್ಟುಕೊಂಡ ಹಪ್ಪಳ. ಜೊತೆಯಲ್ಲಿದ್ದವರು ಮಲಗೆಂದರೂ ಓದು ನಿಲ್ಲುತ್ತಿರಲಿಲ್ಲ, ಏಕೆಂದರೆ ಹೆಚ್ಚು ದಿನ ಉಳಿಯುವ ಹಣ ಕೈಯಲ್ಲಿರಲಿಲ್ಲ. ನಾವು ಇದನ್ನು ಛಲದ ಕಥೆಯಾಗಿ ಮಕ್ಕಳಿಗೆ ಹೇಳುತ್ತೇವೆ. ಹೇಳಬೇಕು ಕೂಡ. ಆದರೆ ಅದೇ ಹೊತ್ತಿಗೆ ಮುಂಬಯಿಯ ಚಾಳಿನಲ್ಲಿ ಪತ್ನಿ ರಮಾಬಾಯಿ ಬಡತನದ ಸಂಸಾರ ತೂಗಿಸುತ್ತಿದ್ದರು ಎಂಬುದನ್ನೂ ಹೇಳಬೇಕು. ಪ್ರಬಂಧದ ಲೆಕ್ಕದಲ್ಲಿ ಅವರ ದುಡಿಮೆಗೆ ಎಲ್ಲೂ ಅಂಕಣವಿಲ್ಲ. ಓದುವವರ ತಾಳ್ಮೆ ಎಂದು ನಾವು ಹೊಗಳುವುದರಲ್ಲಿ ಎಷ್ಟೋ ಪಾಲು ಮನೆಯಲ್ಲಿ ಉಳಿದವರದು.

1921ರಲ್ಲಿ ಎಂ.ಎಸ್ಸಿ. ಬಂತು. 1922ರ ಅಕ್ಟೋಬರ್‌ನಲ್ಲಿ ಡಿ.ಎಸ್ಸಿ.ಗೆ ರೂಪಾಯಿಯ ಸಮಸ್ಯೆಯನ್ನು ಕುರಿತ ಪ್ರಬಂಧ ಸಲ್ಲಿಸಿದರು. ಬ್ರಿಟಿಷ್ ಸರಕಾರದ ಹಣಕಾಸು ನೀತಿಯನ್ನು ನೇರವಾಗಿ ಟೀಕಿಸಿದ ಬರವಣಿಗೆ ಅದು. ತಿದ್ದಿ ಕೊಡಬೇಕೆಂದು ಪರೀಕ್ಷಕರು ಹಿಂದಿರುಗಿಸಿದರು. ಕೈಯಲ್ಲಿ ಹಣವಿಲ್ಲದ್ದರಿಂದ ಅವರು ಭಾರತಕ್ಕೆ ಬಂದು, ಮುಂಬಯಿಯಿಂದಲೇ ತಿದ್ದಿ ಕಳಿಸಿದರು. ತೀರ್ಮಾನಗಳನ್ನು ಬಿಟ್ಟುಕೊಡಲಿಲ್ಲ. 1923ರ ಕೊನೆಯಲ್ಲಿ ಪದವಿ ಬಂತು. ಕೊಲಂಬಿಯಾದ ಪಿಎಚ್‌ಡಿಗೆ ಇನ್ನೂ ಕಾಯಬೇಕಿತ್ತು. ಪ್ರಬಂಧವನ್ನು ಅಚ್ಚು ಮಾಡಿಸಿ ಪ್ರತಿಗಳನ್ನು ಒಪ್ಪಿಸಿದ ಮೇಲೆಯೇ ಅಲ್ಲಿ ಪದವಿ. ಪುಸ್ತಕ 1925ರಲ್ಲಿ ಹೊರಬಂತು, ಪದವಿ 1927ರಲ್ಲಿ. ಅಷ್ಟು ಹೊತ್ತಿಗೆ ಅವರು ಮುಂಬಯಿಯ ವಕೀಲರು, ಸಭೆಗಳ ನಾಯಕರು. ನೀರಿನ ಹಕ್ಕಿಗಾಗಿ ಅವರು ನಡೆಸಿದ ಮಹಾಡದ ಕೆರೆಯ ಸತ್ಯಾಗ್ರಹವೂ ಅದೇ ವರ್ಷದ್ದು.

ಮತ್ತೆ ಬೆಂಗಳೂರಿಗೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಕಮಲಾ ಭಾಗವತ್ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಅವರ ತಂದೆಯೂ ಚಿಕ್ಕಪ್ಪನೂ ಇದೇ ಸಂಸ್ಥೆಯಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ಆಗ ನಿರ್ದೇಶಕರಾಗಿದ್ದವರು ರಾಮನ್. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕಾರವಾಯಿತು. ಕಮಲಾ ಬೆಂಗಳೂರಿಗೇ ಬಂದು ಕಾರಣ ಕೇಳಿದರು. ಕೊನೆಗೆ ರಾಮನ್ ಅವರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೂ ಸಿದ್ಧರಾದರು. ರಾಮನ್ ಮಣಿದರು, ಷರತ್ತಿನ ಮೇಲೆ. ಮೊದಲ ವರ್ಷ ಕಮಲಾ ಅಧಿಕೃತ ವಿದ್ಯಾರ್ಥಿಯಲ್ಲ. ಗೈಡ್ ಹೇಳಿದರೆ ರಾತ್ರಿಯಲ್ಲೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು, ಅಂದರೆ ಹುಡುಗರ ಚಿತ್ತ ಕದಡಬಾರದು.

ಪ್ರಯೋಗ ಕೈಕೊಟ್ಟರೆ ಯಾವ ವಿದ್ಯಾರ್ಥಿಗೂ ಬೇಸರವಾಗುತ್ತದೆ. ಇಲ್ಲಿ ಪ್ರಯೋಗ ಕೈಕೊಟ್ಟರೆ ಮುಂದೆ ಬರುವ ಹೆಣ್ಣುಮಕ್ಕಳಿಗೆಲ್ಲ ಬಾಗಿಲು ಮುಚ್ಚುತ್ತಿತ್ತು. ಇಪ್ಪತ್ತೆರಡರ ಹುಡುಗಿಯ ಹೆಗಲ ಮೇಲೆ ಅಷ್ಟು ಭಾರವಿತ್ತು. ಅವರಿಗೆ ಒದಗಿದ ಅದೃಷ್ಟವೆಂದರೆ ಗೈಡ್ ಎಂ. ಶ್ರೀನಿವಾಸಯ್ಯ. ಬಹಳ ಕಟ್ಟುನಿಟ್ಟಿನ ಮನುಷ್ಯ, ಆದರೆ ಕೆಲಸ ಕಲಿಸುವುದರಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಿದವರಲ್ಲ. ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕಮಲಾ ಕೆಲಸ ಮಾಡಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ ಅವರಿಗೆ ಒಪ್ಪಿಗೆಯಾಯಿತು. ಕಮಲಾ ಪೂರ್ಣ ವಿದ್ಯಾರ್ಥಿಯಾದರು, ಬೇರೆ ಹೆಣ್ಣುಮಕ್ಕಳಿಗೂ ಪ್ರವೇಶ ಸಿಕ್ಕಿತು. ಆದರೂ ಆ ಅವಮಾನವನ್ನು ತಾವು ಮರೆಯಲಿಲ್ಲವೆಂದು ಅವರು ದಶಕಗಳ ನಂತರ ಸಾರ್ವಜನಿಕವಾಗಿಯೇ ಹೇಳಿದರು. ಹೇಳಿದ್ದು ಒಳ್ಳೆಯದಾಯಿತು. ಗೆದ್ದವರು ನೋವನ್ನು ಮುಚ್ಚಿಟ್ಟರೆ, ಮುಂದಿನವರು ತಮ್ಮ ನೋವನ್ನು ತಮ್ಮದೇ ಕೊರತೆ ಎಂದುಕೊಳ್ಳುತ್ತಾರೆ.

ಕಮಲಾ ಮುಂದೆ ಸಂಶೋಧನೆಗೆಂದು ಹೋದ ಕೇಂಬ್ರಿಜ್‌ನ ದಿನಗಳು ಇದಕ್ಕೆ ತದ್ವಿರುದ್ಧ. ಅಲ್ಲಿ ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ, ರಾತ್ರಿ ತಾವು ಮಲಗುತ್ತಿದ್ದ ಮೇಜನ್ನೇ ಹಗಲು ಕಮಲಾ ಅವರ ಕೆಲಸಕ್ಕೆ ಬಿಟ್ಟುಕೊಟ್ಟರು. ಅನಂತರ ರಾಬಿನ್ ಹಿಲ್ ಅವರ ಜೊತೆ ಸಸ್ಯಗಳ ಉಸಿರಾಟದ ಮೇಲೆ ಕೆಲಸ ಮಾಡುತ್ತ, ಆಲೂಗಡ್ಡೆಯಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ಕಮಲಾ ಗುರುತಿಸಿದರು. ಹದಿನಾಲ್ಕು ತಿಂಗಳ ಕೆಲಸ, ನಲವತ್ತು ಪುಟದ ಪ್ರಬಂಧ, 1939ರಲ್ಲಿ ಪಿಎಚ್‌ಡಿ. ಒಬ್ಬರೇ ವ್ಯಕ್ತಿ, ಅದೇ ಬುದ್ಧಿ, ಅದೇ ಸ್ವಭಾವ. ಬದಲಾದದ್ದು ಸುತ್ತಲಿನ ಜನ ನಡೆಸಿಕೊಂಡ ರೀತಿ.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರದು ಒಂದೇ ವಿಷಯದೊಡನೆ ಎರಡು ಸಲ ಹೆಣಗಿದ ಅನುಭವ. ಮುಂಬಯಿಯಲ್ಲಿ ಘುರ್ಯೆ ಅವರ ಮಾರ್ಗದರ್ಶನದಲ್ಲಿ ಕೊಡವರ ಬಗ್ಗೆ ಬರೆದ ದಪ್ಪ ಪ್ರಬಂಧಕ್ಕೆ 1944ರಲ್ಲಿ ಪಿಎಚ್‌ಡಿ ಸಿಕ್ಕಿತು. ಕೊಡಗಿನ ಕ್ಷೇತ್ರಕಾರ್ಯಕ್ಕೆ ಅನಾರೋಗ್ಯ ಅಡ್ಡಿಯಾಗಿತ್ತು. ಮರುವರ್ಷ ಆಕ್ಸ್‌ಫರ್ಡಿಗೆ ಹೋದಾಗ ಹೊಸ ವಿಷಯ ಹಿಡಿಯುವ ಬದಲು ಅದೇ ಕೊಡಗಿನ ಸಾಮಗ್ರಿಯನ್ನು ಹೊಸ ಸಿದ್ಧಾಂತದ ಬೆಳಕಿನಲ್ಲಿ ಬರೆಯುವಂತೆ ಅಲ್ಲಿನ ಮಾನವಶಾಸ್ತ್ರ ಪ್ರಾಧ್ಯಾಪಕ ರ‍್ಯಾಡ್‌ಕ್ಲಿಫ್ ಬ್ರೌನ್ ಒಪ್ಪಿಸಿದರು. ಗುರು ನಿವೃತ್ತರಾದಾಗ ಇವಾನ್ಸ್ ಪ್ರಿಚರ್ಡ್ ಆ ಜಾಗಕ್ಕೆ ಬಂದರು. ನಡುವೆ ಗೈಡ್ ಬದಲಾಗುವುದು ಎಂಥ ತಾಪತ್ರಯವೆಂದು ಅನುಭವಿಸಿದವರಿಗೆ ಗೊತ್ತು. 1947ರಲ್ಲಿ ಡಿ.ಫಿಲ್. ಮುಗಿಯಿತು. 1952ರಲ್ಲಿ ಅದು ಪುಸ್ತಕವಾಗಿ ಬಂದಾಗ ಭಾರತೀಯ ಸಮಾಜಶಾಸ್ತ್ರಕ್ಕೆ ‘ಸಂಸ್ಕೃತೀಕರಣ’ದ ಪರಿಕಲ್ಪನೆ ಸಿಕ್ಕಿತು.

ಪ್ರಬಂಧದ ನಡುವೆ ಬೇರೊಂದು ಕೆಲಸ ಕೈ ಹಿಡಿದು ಎಳೆದರೆ? ಗೈಡುಗಳು ಸಾಮಾನ್ಯವಾಗಿ ಗದರಿಸುತ್ತಾರೆ. ಯು.ಆರ್. ಅನಂತಮೂರ್ತಿ ಅವರ ಬರ್ಮಿಂಗ್‌ಹ್ಯಾಮ್ ದಿನಗಳು ಇದಕ್ಕೆ ಅಪವಾದ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಹೋಗಿದ್ದ ಅವರು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಬಗ್ಗೆ ಪ್ರಬಂಧ ಬರೆಯುತ್ತಿದ್ದರು. ಒಂದು ಸಂಜೆ ಲೇಖಕ, ಅಧ್ಯಾಪಕ ಮಾಲ್ಕಂ ಬ್ರಾಡ್‌ಬರಿ ಅವರೊಂದಿಗೆ ನಿರ್ದೇಶಕ ಬರ್ಗ್‌ಮನ್ ಅವರ, ಮಧ್ಯಯುಗದ ಕಥೆಯುಳ್ಳ ‘ದಿ ಸೆವೆಂತ್ ಸೀಲ್’ ಚಿತ್ರ ನೋಡಿದರು. ಮಧ್ಯಯುಗ ತಮ್ಮ ಪಾಲಿಗೆ ಚರಿತ್ರೆಯಲ್ಲ, ತಮ್ಮೊಳಗೇ ಬದುಕಿರುವ ಕಾಲ ಎಂದು ಅನಂತಮೂರ್ತಿ ಹೇಳಿಕೊಂಡರು. ಹಾಗಾದರೆ ಅದನ್ನೇ ಬರೆಯಿರಿ ಎಂದರು ಬ್ರಾಡ್‌ಬರಿ. ಇಂಗ್ಲಿಷಿನ ಪ್ರಬಂಧದ ಪಕ್ಕದಲ್ಲೇ ಕನ್ನಡದ ‘ಸಂಸ್ಕಾರ’ ಬೆಳೆಯಿತು. ಕಾದಂಬರಿ 1965ರಲ್ಲಿ, ಪದವಿ 1966ರಲ್ಲಿ. ಇಂದು ಆ ಪ್ರಬಂಧವನ್ನು ಹುಡುಕಿ ಓದುವವರು ವಿರಳ. ದಿನವಿಡೀ ಪರಭಾಷೆಯಲ್ಲಿ ವಾದ ಕಟ್ಟುತ್ತಿದ್ದ ಮನಸ್ಸಿಗೆ ತಾಯ್ನುಡಿಯ ಬರವಣಿಗೆ ಹೊರೆಯಾಗದೆ ಉಸಿರಾಡುವ ಜಾಗವಾಗಿರಬೇಕು. ಆದರೆ ಅದಕ್ಕೆ ಎರಡು ಬೇಕಿದ್ದವು: ತಿಂಗಳಿಗೆ ಸರಿಯಾಗಿ ಬರುವ ವಿದ್ಯಾರ್ಥಿವೇತನ, ಮತ್ತು ‘ಬರೆಯಿರಿ’ ಎನ್ನುವ ಹಿರಿಯರು.

ಈಚಿನ ಅಧ್ಯಯನಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತದ 3,659 ಪಿಎಚ್‌ಡಿ ವಿದ್ಯಾರ್ಥಿಗಳನ್ನು ಕುರಿತ ಸಂಶೋಧನೆ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಖಿನ್ನತೆಯಂಥ ಮಾನಸಿಕ ತೊಂದರೆಯ ಅಪಾಯದಲ್ಲಿದ್ದರು. ಅದರ ಜೊತೆ ತಳುಕು ಹಾಕಿಕೊಂಡಿದ್ದ ಸಂಗತಿಗಳು ಕೆಲಸ ಮತ್ತು ಮನೆಯ ನಡುವಿನ ಜಗ್ಗಾಟ, ಕೆಲಸದ ಒತ್ತಡ, ತನ್ನ ಕೆಲಸದ ಮೇಲೆ ತನಗಿರುವ ಹಿಡಿತ, ಮಾರ್ಗದರ್ಶಕರ ನಡವಳಿಕೆ. ಅಂಬೇಡ್ಕರ್, ಕಮಲಾ, ಮಣಿ ಇವರ ಬದುಕನ್ನು ಓದಿದವರಿಗೆ ಈ ಪಟ್ಟಿಯಲ್ಲಿ ಹೊಸದೇನೂ ಕಾಣದು. ಕಣ್ಣಿಗೆ ಕಂಡದ್ದಕ್ಕೆ ಅಂಕಿಅಂಶ ಸಿಗಲು ಇಷ್ಟು ಕಾಲ ಬೇಕಾಯಿತು.

ನಿಯಮಗಳು ತಡವಾಗಿಯಾದರೂ ಬದಲಾಗಿವೆ, ಬಹಳಷ್ಟು ಸಲ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ. ಕಿರಿಯ ಸಂಶೋಧಕರ ಫೆಲೋಶಿಪ್ ತಿಂಗಳಿಗೆ 25 ಸಾವಿರ ರೂಪಾಯಿಯಿಂದ 31 ಸಾವಿರಕ್ಕೆ ಏರಿದ್ದು 2019ರಲ್ಲಿ, ದೇಶದ ಹಲವೆಡೆ ಪ್ರತಿಭಟನೆ ನಡೆದ ನಂತರ. 2023ರಿಂದ ಅದು 37 ಸಾವಿರ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ನಿಯಮಾವಳಿ ಮಹಿಳೆಯರಿಗೆ 240 ದಿನಗಳ ಹೆರಿಗೆ ಮತ್ತು ಶಿಶುಪಾಲನಾ ರಜೆ ಕೊಟ್ಟಿತು, ಪ್ರಬಂಧ ಸಲ್ಲಿಸಲು ಎರಡು ವರ್ಷ ಹೆಚ್ಚು ಕಾಲ ಕೊಟ್ಟಿತು. 2022ರ ನಿಯಮಾವಳಿ, ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ತೆಗೆಯಿತು. ದುಡ್ಡು ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಹಾವಳಿ ಕಂಡವರಿಗೆ ಇದು ನೆಮ್ಮದಿಯ ಸುದ್ದಿ.

ಅದೇ 2022ರ ನಿಯಮಾವಳಿ ಕೆಲಸದಲ್ಲಿದ್ದುಕೊಂಡೇ ಅರೆಕಾಲಿಕ ಪಿಎಚ್‌ಡಿ ಮಾಡುವುದಕ್ಕೂ ದಾರಿ ಮಾಡಿದೆ. ಕರ್ನಾಟಕದ ಪದವಿ ಕಾಲೇಜುಗಳ ಎಷ್ಟೋ ಅಧ್ಯಾಪಕರ ಬದುಕು ಇದೇ: ಹಗಲು ತರಗತಿ, ಪರೀಕ್ಷೆ ಬಂದರೆ ಮೌಲ್ಯಮಾಪನ, ಚುನಾವಣೆ ಬಂದರೆ ಅದರ ಕರ್ತವ್ಯ, ರಾತ್ರಿ ಮಕ್ಕಳು ಮಲಗಿದ ಮೇಲೆ ಅಧ್ಯಾಯ. ನೋಂದಣಿಗೆ ಅವರು ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ತರಬೇಕು. ಅದರಲ್ಲಿ ಮೂರು ಮಾತಿರಬೇಕೆಂದು ನಿಯಮ ಹೇಳುತ್ತದೆ. ಓದಲು ಅನುಮತಿ ಇದೆ. ಸಂಶೋಧನೆಗೆ ಸಾಕಷ್ಟು ಸಮಯ ಸಿಗುವಷ್ಟು ಕೆಲಸದಲ್ಲಿ ಬಿಡುವಿದೆ. ಬೇಕಾದರೆ ಕೋರ್ಸ್ ವರ್ಕ್‌ಗಾಗಿ ಕೆಲಸದಿಂದ ಬಿಡುಗಡೆ ಕೊಡಲಾಗುತ್ತದೆ. ಆ ಎರಡನೆಯ ಸಾಲಿಗೆ ಸಹಿ ಹಾಕುವ ಪ್ರಾಂಶುಪಾಲರು ಅದೇ ದಿನ ಆ ಅಧ್ಯಾಪಕರ ವೇಳಾಪಟ್ಟಿಯನ್ನೂ ಮುಂದಿಟ್ಟುಕೊಂಡು ವಾರದಲ್ಲಿ ಯಾವ ಅರ್ಧ ದಿನ ಬಿಡುವೆಂದು ಗುರುತು ಹಾಕಬೇಕು.